ಫೈರ್ ಇಂಜಿನ್ ಸೇತುವೆ ದಾಟುತ್ತದಾ? ಸಣ್ಣ ಊರಿನ ಬಜೆಟ್‌ನ ಎರಡು ಸಾಲುಗಳ ಕಥೆ

(ಸಣ್ಣ ಊರುಗಳ ಆಡಳಿತದ ಬಗ್ಗೆ ಆಸಕ್ತಿ ಇದ್ದವರ ಮುಂದೆ ಆಡಿದ ಮಾತು ಇದು. ಮಾತಾಡುವಾಗ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬಜೆಟ್ ಅಂದ ಕೂಡಲೇ ಅರ್ಧ ಜನಕ್ಕೆ ಆಕಳಿಕೆ ಬರುತ್ತದೆ, ಅದು ನನಗೆ ಗೊತ್ತು. ನನಗೂ ಬರುತ್ತಿತ್ತು. ಹಾಗಾಗಿ ಇವತ್ತು ಪೂರ್ತಿ ಬಜೆಟ್ ಬಗ್ಗೆ ಮಾತಾಡಲ್ಲ. ಅದರಲ್ಲಿ ಎರಡೇ ಎರಡು ಸಾಲು ಹಿಡಿದುಕೊಂಡು ಬಂದಿದ್ದೇನೆ.

ಯಾವುದಾದರೂ ಸಣ್ಣ ಊರಿನ ಬಜೆಟ್ ಪುಸ್ತಕ ತೆಗೆಯಿರಿ. ಎಲ್ಲೋ ಒಂದು ಪುಟದಲ್ಲಿ 'ಅಗ್ನಿಶಾಮಕ ಉಪಕರಣ' ಅಂತ ಒಂದು ಸಾಲು ಇರುತ್ತದೆ. ಇಪ್ಪತ್ತು ಪುಟ ಆಚೆ, ರಸ್ತೆ ಕೆಲಸಗಳ ಕೆಳಗೆ, 'ಸೇತುವೆ ಮತ್ತು ಮೋರಿ ದುರಸ್ತಿ' ಅಂತ ಇನ್ನೊಂದು ಸಾಲು. ಮೊದಲನೆಯದನ್ನು ಕೇಳಿದವರು ಬೆಂಕಿ ಆರಿಸುವವರು. ಎರಡನೆಯದನ್ನು ಕೇಳಿದವರು ರಸ್ತೆ ನೋಡಿಕೊಳ್ಳುವವರು. ಇಬ್ಬರೂ ಬೇರೆ ಬೇರೆ ದಿನ ಸಭೆಗೆ ಬಂದು, ಬೇರೆ ಬೇರೆ ಕಡತ ತೋರಿಸಿ, ಕೇಳಿದ್ದಕ್ಕಿಂತ ಕಮ್ಮಿ ತೆಗೆದುಕೊಂಡು ಹೋಗಿರುತ್ತಾರೆ. ಈ ಎರಡು ಸಾಲು ಪುಸ್ತಕದಲ್ಲಿ ಎಲ್ಲೂ ಸೇರುವುದಿಲ್ಲ. ಸೇರುವುದು ಒಂದೇ ಜಾಗದಲ್ಲಿ. ರಾತ್ರಿ ಹೊತ್ತು ಹೊಳೆ ಆಚೆ ಬೆಂಕಿ ಬಿದ್ದಾಗ, ನೀರು ತುಂಬಿದ ಇಂಜಿನ್ ಹಳೇ ಸೇತುವೆ ಹತ್ತುತ್ತದಲ್ಲ, ಅಲ್ಲಿ.

ಆ ಸೇತುವೆ ಇಂಜಿನ್ನಿನ ಭಾರ ತಡೆಯುತ್ತದಾ? ಈ ಪ್ರಶ್ನೆಗೆ ಬಜೆಟ್ ಪುಸ್ತಕದಲ್ಲಿ ಉತ್ತರ ಇಲ್ಲ. ಯಾಕೆಂದರೆ ಅದನ್ನು ಕೇಳುವ ಕೆಲಸ ಯಾರಿಗೂ ಕೊಟ್ಟಿಲ್ಲ.

ಮೊದಲು ಭಾರದ ಲೆಕ್ಕ. ಒಂದು ಲೀಟರ್ ನೀರು ಒಂದು ಕಿಲೋ. 10,000 ಲೀಟರ್ ಟ್ಯಾಂಕರ್ ಅಂದರೆ ಬರೀ ನೀರೇ 10 ಟನ್. ಅದರ ಮೇಲೆ ಗಾಡಿ, ಪಂಪು, ಏಣಿ, ಹೋಸ್ ಪೈಪು, ಜನ. ಈ ಭಾರದ ಇನ್ನೊಂದು ಗುಣ ಏನೆಂದರೆ ಅದು ಕಮ್ಮಿ ಆಗುವುದೇ ಇಲ್ಲ. ಸರಕಿನ ಲಾರಿ ಎಷ್ಟೋ ಸಲ ಖಾಲಿ ಓಡುತ್ತದೆ. ಫೈರ್ ಇಂಜಿನ್ ಸ್ಟೇಷನ್ನಿಂದ ಹೊರಡುವಾಗ ಯಾವಾಗಲೂ ತುಂಬಿಕೊಂಡೇ ಹೊರಡುತ್ತದೆ.

ಅಮೆರಿಕದ ಉದಾಹರಣೆ ಕೊಡುತ್ತೇನೆ. ಇವತ್ತಿನ ಹೆಚ್ಚಿನ ಉದಾಹರಣೆ ಅಲ್ಲಿನದ್ದೇ. ಅನೇಕ ದೇಶಗಳಲ್ಲಿ ಬೆಂಕಿ ಆರಿಸುವುದು ರಾಜ್ಯದ ಕೆಲಸ ಅಥವಾ ಜಿಲ್ಲೆಯ ಕೆಲಸ. ಅಮೆರಿಕದಲ್ಲಾದರೆ ಸಾವಿರ ಜನ ಇರುವ ಊರು ಕೂಡ ತನ್ನ ಇಂಜಿನ್ ತಾನೇ ಕೊಳ್ಳಬೇಕಾಗಿ ಬರುತ್ತದೆ, ತನ್ನ ಸೇತುವೆ ತಾನೇ ನೋಡಿಕೊಳ್ಳಬೇಕಾಗಿ ಬರುತ್ತದೆ. ವರ್ಮಾಂಟ್ ರಾಜ್ಯದಲ್ಲಿ ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರ ಸಭೆ ಸೇರುತ್ತದೆ. ಹೊಸ ಇಂಜಿನ್ ಬೇಕಾ ಬೇಡವಾ ಅಂತ ಊರಿನವರೇ ಕೈ ಎತ್ತಿಯೋ ಚೀಟಿ ಹಾಕಿಯೋ ತೀರ್ಮಾನ ಮಾಡುವುದೂ ಉಂಟು. ಹಾಗಾಗಿ ಈ ಜಗಳ ಅಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಬೇರೆ ಕಡೆ ಅದೇ ಜಗಳ ಕಡತದ ಒಳಗೆ ನಡೆಯುತ್ತದೆ, ಅಷ್ಟೇ.

ಅಲ್ಲಿ ಅಂತರರಾಜ್ಯ ಹೆದ್ದಾರಿಯಲ್ಲಿ ಸಾಮಾನ್ಯ ಲಾರಿಗೆ ಮಿತಿ 80,000 ಪೌಂಡ್. 2015ರ ಒಂದು ಕಾಯ್ದೆ ತುರ್ತು ವಾಹನಗಳಿಗೆ ಅದನ್ನು 86,000 ಪೌಂಡ್‌ಗೆ, ಅಂದರೆ ಸುಮಾರು 39 ಟನ್‌ಗೆ ಏರಿಸಿತು. ಕೇಳಿದರೆ ದೊಡ್ಡ ವ್ಯತ್ಯಾಸ ಅನಿಸಲ್ಲ ಅಲ್ವಾ? ಅಸಲಿ ವಿಷಯ ಇರುವುದು ಆಕ್ಸಲ್‌ನಲ್ಲಿ, ಅಂದರೆ ಎಡ ಬಲದ ಚಕ್ರಗಳನ್ನು ಸೇರಿಸುವ ಅಚ್ಚಿನಲ್ಲಿ. ಸಾಮಾನ್ಯ ಲಾರಿಯ ಜೋಡಿ ಆಕ್ಸಲ್ ಮೇಲೆ 34,000 ಪೌಂಡ್‌ಗಿಂತ ಜಾಸ್ತಿ ಬೀಳುವ ಹಾಗಿಲ್ಲ. ಇದೇ ಕಾಯ್ದೆ ಫೈರ್ ಇಂಜಿನ್ನಿನ ಹಿಂದಿನ ಜೋಡಿ ಆಕ್ಸಲ್‌ಗೆ 62,000 ಪೌಂಡ್ ತನಕ ಬಿಟ್ಟಿದೆ. ಹತ್ತಿರ ಹತ್ತಿರ ಎರಡರಷ್ಟು. ಲಾರಿ ಉದ್ದ, ಅದರ ಭಾರ ಐದಾರು ಕಡೆ ಹಂಚಿಕೊಳ್ಳುತ್ತದೆ. ಇಂಜಿನ್ ಗಿಡ್ಡ, ಭಾರವೆಲ್ಲ ಹಿಂದೆ. ಇದನ್ನು ಒಂದು ಸಣ್ಣ ಸೇತುವೆ ಮೇಲೆ ಇಟ್ಟು ನೋಡಿ. ಸೇತುವೆ 6 ಮೀಟರ್ ಇದ್ದರೆ ಉದ್ದನೆ ಲಾರಿಯ ಪೂರ್ತಿ ಭಾರ ಅದರ ಮೇಲೆ ಒಟ್ಟಿಗೆ ಯಾವತ್ತೂ ಬರುವುದೇ ಇಲ್ಲ. ಬರುವುದು ಒಂದು ಆಕ್ಸಲ್ ಗುಂಪಿನ ಭಾರ. ಅಂದರೆ ಸಣ್ಣ ಸೇತುವೆಗೆ ದೊಡ್ಡ ಲಾರಿಗಿಂತ ಫೈರ್ ಇಂಜಿನ್ನೇ ಜಾಸ್ತಿ ಹೊರೆ.

"ಅಯ್ಯೋ, ತುರ್ತು ಅಲ್ವಾ, ಸೇತುವೆ ಹತ್ತಿರದ ಭಾರದ ಮಿತಿಯ ಬೋರ್ಡು ಯಾರು ನೋಡ್ತಾರೆ" ಅಂತ ಹೇಳುವವರಿದ್ದಾರೆ. ಸೈರನ್ ಹಾಕಿದರೆ ಎದುರಿಗೆ ಬರುವ ಗಾಡಿಗಳು ದಾರಿ ಬಿಡುತ್ತವೆ, ನಿಜ. ಇಂಜಿನ್ನಿನ ತೂಕ ಒಂದು ಕಿಲೋನೂ ಇಳಿಯುವುದಿಲ್ಲ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಇಂಜಿನ್ ಎಷ್ಟು ವರ್ಷ ಬರುತ್ತದೆ? ಅಮೆರಿಕದ ಎನ್‌ಎಫ್‌ಪಿಎ ಅನ್ನುವ ಸಂಸ್ಥೆ ಅಗ್ನಿ ಸುರಕ್ಷತೆಯ ಮಾನದಂಡ ಬರೆಯುತ್ತದೆ. 15 ವರ್ಷ ದಾಟಿದ ಗಾಡಿಯನ್ನು ಮುಂಚೂಣಿಯಿಂದ ತೆಗೆದು ಮೀಸಲಿಗೆ ಇಡಿ, 25 ದಾಟಿದ್ದನ್ನು ಬದಲಾಯಿಸಿ ಅನ್ನುವುದು ಅದರ ಸಲಹೆ. ಸಲಹೆ ಮಾತ್ರ, ಕಾನೂನಲ್ಲ. ಸೇತುವೆ? ಈಗ ಅಲ್ಲಿ ಹೊಸ ಸೇತುವೆಯನ್ನು 75 ವರ್ಷಕ್ಕೆ ಅಂತ ವಿನ್ಯಾಸ ಮಾಡುತ್ತಾರೆ. ಬಜೆಟ್‌ಗೆ ಆಯುಷ್ಯ ಒಂದೇ ವರ್ಷ. ಅದನ್ನು ಪಾಸು ಮಾಡುವ ಸದಸ್ಯರಿಗೆ ಮೂರೋ ನಾಲ್ಕೋ ಐದೋ ವರ್ಷ. ಹಾಗಾಗಿ ಯಾವ ಸದಸ್ಯನಿಗೂ 'ನನ್ನ ಅವಧಿಯಲ್ಲೇ ಇದು ಹಾಳಾಗುತ್ತದೆ' ಅನ್ನುವ ಭಯ ಇರುವುದಿಲ್ಲ. "ಮುಂದಿನ ವರ್ಷ ನೋಡೋಣ" ಅನ್ನುವುದು ದುರುದ್ದೇಶದ ಮಾತೇನಲ್ಲ. ಅವರ ಕುರ್ಚಿಯಿಂದ ನೋಡಿದರೆ ಅದು ಸರಿಯಾದ ಲೆಕ್ಕವೇ. ನಾನು ಅವರನ್ನು ಬೈಯಲ್ಲ. ಕುರ್ಚಿಯನ್ನೇ ಸ್ವಲ್ಪ ತಿರುಗಿಸಬೇಕು ಅಂತೀನಿ.

ತಿರುಗಿಸುವ ಹಳೇ ಉಪಾಯ ಮೀಸಲು ನಿಧಿ. ಪ್ರತಿ ವರ್ಷ ಇಷ್ಟಿಷ್ಟು ಅಂತ ಬೇರೆ ಖಾತೆಗೆ ಹಾಕುವುದು. ಇದು ಎಲ್ಲರಿಗೂ ಗೊತ್ತಿರುವ ಉಪಾಯ. ಆದರೆ ಇದರಲ್ಲೇ ಊರುಗಳು ಮೋಸ ಹೋಗುತ್ತವೆ. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ, ಬೇಕಾದರೆ ಮೊಬೈಲ್ ತೆಗೆದು ನನ್ನ ಜೊತೆಗೇ ಲೆಕ್ಕ ಹಾಕಿ.

ಇವತ್ತು ಇಂಜಿನ್ ಬೆಲೆ 100 ಅಂತ ಇಟ್ಟುಕೊಳ್ಳಿ. ಯಾವ ನಾಣ್ಯವೋ ನಿಮಗೆ ಬಿಟ್ಟದ್ದು. 20 ವರ್ಷಕ್ಕೆ ಬದಲಾಯಿಸಬೇಕು. 100 ಭಾಗಿಸು 20, ವರ್ಷಕ್ಕೆ 5. ಬಜೆಟ್‌ನಲ್ಲಿ 5 ಹಾಕಿ, ಎಲ್ಲರೂ ಖುಷಿ. ಆದರೆ ಇಂಜಿನ್ ಬೆಲೆ ಸುಮ್ನೆ ಕೂತಿರುತ್ತದಾ? ವರ್ಷಕ್ಕೆ 4% ಏರಿದರೆ 20 ವರ್ಷಕ್ಕೆ ಅದು 219 ಆಗಿರುತ್ತದೆ. ನಿಮ್ಮ ಹತ್ತಿರ ಇರುವುದು 100. ಅರ್ಧವೂ ಇಲ್ಲ. "ಬಡ್ಡಿ ಬರುತ್ತಲ್ಲ" ಅಂತೀರಿ. ಸರಿ, ಬಡ್ಡಿಯೂ 4% ಅಂತ ಧಾರಾಳವಾಗಿ ಹಾಕೋಣ. ವರ್ಷದ ಕೊನೆಗೆ 5ರಂತೆ ಹಾಕುತ್ತಾ ಬಂದರೆ 20 ವರ್ಷಕ್ಕೆ 149 ಆಗುತ್ತದೆ. ಇನ್ನೂ 70 ಕಮ್ಮಿ. ಅಂದರೆ ಇಪ್ಪತ್ತು ವರ್ಷ ಒಂದೂ ಕಂತು ತಪ್ಪಿಸದೆ ಶಿಸ್ತಾಗಿ ಉಳಿಸಿದ ಊರು ಕೂಡ ಕೊನೆಗೆ ಮೂರನೇ ಒಂದು ಭಾಗ ಸಾಲ ಮಾಡಬೇಕು.

ಹಾಗಾದರೆ ಎಷ್ಟು ಹಾಕಬೇಕು? ಒಂದು ದಾರಿ, ಮೊದಲ ವರ್ಷದಿಂದ ಕೊನೆವರೆಗೆ ಒಂದೇ ಸಮ 7.4ರಂತೆ. ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ. ಪ್ರತಿ ವರ್ಷದ ಶುರುವಿನಲ್ಲಿ ಆ ವರ್ಷದ ಇಂಜಿನ್ ಬೆಲೆಯ 5% ಹಾಕಿ. ಈ ವರ್ಷ 5, ಮುಂದಿನ ವರ್ಷ 5.2, ಆಮೇಲೆ 5.41, ಹೀಗೆ. ಬಡ್ಡಿಯೂ ಬೆಲೆ ಏರಿಕೆಯೂ ಒಂದೇ ಇದ್ದರೆ 20 ವರ್ಷಕ್ಕೆ ಕರೆಕ್ಟಾಗಿ 219 ಬರುತ್ತದೆ. ಮಾಡಬೇಕಾದ್ದು ಇಷ್ಟೇ. ವರ್ಷಕ್ಕೊಂದು ಸಲ ತಯಾರಕರಿಗೆ ಫೋನು ಮಾಡಿ, "ಈಗ ಎಷ್ಟಪ್ಪಾ" ಅಂತ ಕೇಳಿ, ಅದರ ಇಪ್ಪತ್ತರಲ್ಲಿ ಒಂದು ಪಾಲು ತೆಗೆದಿಡುವುದು. ಹಳೇ ಅಂಕಿಯನ್ನೇ ಪ್ರತಿ ವರ್ಷ ನಕಲು ಮಾಡುವ ಗುಮಾಸ್ತರ ಅಭ್ಯಾಸ ತಪ್ಪಿಸಿದರೆ ಅರ್ಧ ಕೆಲಸ ಆಯಿತು.

ಇನ್ನೂ ಒಂದು ತೊಡಕಿದೆ. ಕೋವಿಡ್ ನಂತರ ಅಮೆರಿಕದಲ್ಲಿ ಇಂಜಿನ್ ಆರ್ಡರ್ ಕೊಟ್ಟರೆ ಕೈಗೆ ಬರುವುದಕ್ಕೆ ವರ್ಷಗಟ್ಟಲೆ ಕಾಯುವ ಸ್ಥಿತಿ ಬಂತು. ಅಂದರೆ 20ನೇ ವರ್ಷಕ್ಕೆ ಗಾಡಿ ಬೇಕಿದ್ದರೆ ತೀರ್ಮಾನ 17ನೇ ವರ್ಷಕ್ಕೇ ಆಗಬೇಕು. ಬೆಂಕಿ ಬಿದ್ದಾಗ ಬಾವಿ ತೋಡಬೇಡ ಅಂತ ಹಿರಿಯರು ಹೇಳಿದ್ದು ಇದಕ್ಕೇ ಇರಬೇಕು. ಬಾವಿಗಾದರೂ ಗುದ್ದಲಿ ಕೈಯಲ್ಲಿ ಇರುತ್ತಿತ್ತು.

ಇಂಜಿನ್ ದೊಡ್ಡ ಖರ್ಚು, ಅದಕ್ಕೆ ಚರ್ಚೆ ಆಗುತ್ತದೆ. ಚರ್ಚೆಯೇ ಆಗದೆ ಹಾಳಾಗುವುದು ಸಣ್ಣ ಸಾಮಾನು. ಸ್ಟೇಷನ್ನಿಗೆ ಹೋಗಿ ಟೈರು ನೋಡಿ. ಹೊಸದರ ಹಾಗೆ ಇರುತ್ತದೆ. ಮೇಲಿನ ಗೆರೆಗಳು ಆಳವಾಗಿ, ರಬ್ಬರು ಕಪ್ಪಗೆ. ಯಾಕೆಂದರೆ ಸಣ್ಣ ಊರಿನ ಇಂಜಿನ್ ವರ್ಷಕ್ಕೆ ಓಡುವುದೇ ಸ್ವಲ್ಪ. ಈಗ ಬಗ್ಗಿ, ಟೈರಿನ ಪಕ್ಕದ ಗೋಡೆಯ ಮೇಲೆ ಅಚ್ಚು ಹಾಕಿರುವ ಕೊನೆಯ ನಾಲ್ಕು ಅಂಕಿ ಓದಿ. ಮೊದಲ ಎರಡು ವಾರ, ಆಮೇಲಿನ ಎರಡು ವರ್ಷ. 1214 ಅಂತ ಇದ್ದರೆ ಅದು 2014ರ 12ನೇ ವಾರದಲ್ಲಿ ಹುಟ್ಟಿದ ಟೈರು. ಗೆರೆ ಎಷ್ಟೇ ಆಳ ಇರಲಿ, 7 ವರ್ಷಕ್ಕೆ ಟೈರು ಬದಲಾಯಿಸಿ ಅನ್ನುತ್ತದೆ ಎನ್‌ಎಫ್‌ಪಿಎ. ತುಂಬಿದ ಟ್ಯಾಂಕರ್ ತಿರುವಿನಲ್ಲಿ ಜೋರಾಗಿ ಹೋಗುವಾಗ ಒಡೆಯುವುದು ಸವೆದ ಟೈರೇ ಆಗಬೇಕಿಲ್ಲ, ಮುದಿಯಾದ ಟೈರೂ ಒಡೆಯುತ್ತದೆ. ಆದರೆ "ಹೊಸದರ ಹಾಗಿದೆ, ಯಾಕೆ ಬದಲಾಯಿಸಬೇಕು" ಅಂತ ಸಭೆಯಲ್ಲಿ ಒಬ್ಬರು ಕೇಳಿದರೆ ಉತ್ತರ ಹೇಳುವುದು ಕಷ್ಟ. ಫೋಟೋದಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ.

ಉಳಿದವೂ ಇದೇ ಜಾತಿ. ಬೆಂಕಿಗೆ ಹೋಗುವಾಗ ಹಾಕುವ ಕೋಟು, ಪ್ಯಾಂಟು ತಯಾರಾದ ದಿನದಿಂದ 10 ವರ್ಷಕ್ಕೆ ನಿವೃತ್ತಿ. ಬೆನ್ನಿಗೆ ಹಾಕುವ ಗಾಳಿ ಸಿಲಿಂಡರ್ ಕಾರ್ಬನ್ ನಾರಿನದ್ದಾದರೆ ಸಾಮಾನ್ಯವಾಗಿ 15 ವರ್ಷ, ನಡುವೆ 5 ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ. ಹೋಸ್ ಪೈಪಿಗೂ ಪಂಪಿಗೂ ವರ್ಷಕ್ಕೊಮ್ಮೆ ಪರೀಕ್ಷೆ. ಹೋಸನ್ನು ಮಡಚಿಟ್ಟ ಜಾಗದಲ್ಲೇ ಮತ್ತೆ ಮತ್ತೆ ಮಡಚಿದರೆ ಆ ಗೆರೆಯಲ್ಲೇ ಹರಿಯುತ್ತದೆ. ಆಗಾಗ ಬಿಚ್ಚಿ ಮಡಿಕೆ ಬದಲಾಯಿಸಿ ಇಡಬೇಕು. ಅದಕ್ಕೆ ದುಡ್ಡು ಬೇಡ, ಇಬ್ಬರು ಜನ ಮತ್ತು ಒಂದು ಮಧ್ಯಾಹ್ನ ಬೇಕು.

ಸೇತುವೆ ಕಡೆ ಹೋಗೋಣ. ಇಲ್ಲಿ ಒಂದು ದೊಡ್ಡ ಊರಿನ ಕಥೆ ಹೇಳುತ್ತೇನೆ, ಯಾಕೆಂದರೆ ಸಣ್ಣ ಊರಿಗೂ ಅದರಲ್ಲಿ ಪಾಠ ಇದೆ. ಪಿಟ್ಸ್‌ಬರ್ಗ್ ನಗರದ ಫರ್ನ್ ಹಾಲೋ ಸೇತುವೆ. 2022ರ ಜನವರಿ 28ರ ಬೆಳಗ್ಗೆ ಕುಸಿದು ಬಿತ್ತು. ಒಂದು ಸಿಟಿ ಬಸ್ಸು ಮುರಿದ ಸೇತುವೆ ಮೇಲೇ ಸಿಕ್ಕಿಕೊಂಡಿತು. ಅದೃಷ್ಟಕ್ಕೆ ಯಾರೂ ಸಾಯಲಿಲ್ಲ. ಅವತ್ತೇ ಅಧ್ಯಕ್ಷ ಬೈಡನ್ ಅದೇ ಊರಿಗೆ ಬರುವವರಿದ್ದರು. ಮಾತಾಡಬೇಕಿದ್ದ ವಿಷಯ ಏನು ಗೊತ್ತಾ? ರಸ್ತೆ, ಸೇತುವೆಗಳಿಗೆ ಸರ್ಕಾರ ಹಾಕುತ್ತಿರುವ ದುಡ್ಡು.

ಇದು ಯಾರಿಗೂ ಗೊತ್ತಿಲ್ಲದ ತೊಂದರೆ ಆಗಿರಲಿಲ್ಲ. 2011ರಿಂದಲೂ ತಪಾಸಣೆಯಲ್ಲಿ ಆ ಸೇತುವೆಗೆ 'ಕಳಪೆ' ಅಂತಲೇ ದರ್ಜೆ ಸಿಕ್ಕಿತ್ತು. ಎನ್‌ಟಿಎಸ್‌ಬಿ, ಅಂದರೆ ಇಂಥ ಅಪಘಾತಗಳನ್ನು ನೋಡುವ ಅಮೆರಿಕದ ಕೇಂದ್ರ ಸಂಸ್ಥೆ, ತನಿಖೆ ಮಾಡಿದಾಗ ಗೊತ್ತಾದ ಮೂಲ ಏನೆಂದರೆ ಕಟ್ಟಿಕೊಂಡ ಚರಂಡಿ. ಸೇತುವೆ ಮೇಲಿನ ನೀರು ಹೋಗುವ ತೂತುಗಳು ಕಸ ತುಂಬಿ ಮುಚ್ಚಿದ್ದವು. ನೀರು ಹೋಗಬೇಕಾದ ಕಡೆ ಹೋಗದೆ ಉಕ್ಕಿನ ಕಾಲುಗಳ ಮೇಲೆ ಇಳಿಯಿತು. ಆ ಉಕ್ಕು ವಿಶೇಷ ಜಾತಿಯದು. ಬಣ್ಣ ಬೇಡ, ಒಣಗುತ್ತಾ ನೆನೆಯುತ್ತಾ ಇದ್ದರೆ ಮೇಲೊಂದು ಗಟ್ಟಿ ತುಕ್ಕಿನ ಪದರ ಕಟ್ಟಿ ಅದೇ ರಕ್ಷಣೆ ಆಗುತ್ತದೆ. ಸದಾ ಒದ್ದೆ ಇದ್ದರೆ ಆ ಪದರ ಕಟ್ಟುವುದೇ ಇಲ್ಲ, ಕಬ್ಬಿಣ ತಿನ್ನಿಸಿಕೊಳ್ಳುತ್ತಾ ಹೋಗುತ್ತದೆ. ಚರಂಡಿ ಬಿಡಿಸಿ, ಕಾಲು ದುರಸ್ತಿ ಮಾಡಿ ಅಂತ ತಪಾಸಣೆ ವರದಿಗಳು ವರ್ಷ ವರ್ಷವೂ ಬರೆದವು. ಆಗಲಿಲ್ಲ. ಒಂದು ಸಲಿಕೆ, ಒಂದು ಪೊರಕೆ, ಒಂದು ನೀರಿನ ಪೈಪು. ಶುರುವಿನಲ್ಲಿ ಬೇಕಿದ್ದದ್ದು ಇಷ್ಟು.

ಅದೇ ತನಿಖೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ನನಗೆ ಹೆಚ್ಚು ಕಾಡಿದ್ದು ಅದು. ಸೇತುವೆ ಎಷ್ಟು ಭಾರ ತಡೆಯುತ್ತದೆ ಅಂತ ಲೆಕ್ಕ ಹಾಕಿದವರು ಮೇಲಿನ ಡಾಂಬರು ಎಷ್ಟು ದಪ್ಪ ಅಂತ ಹಿಡಿದಿದ್ದರೋ, ನಿಜಕ್ಕೂ ಅದರ ಸುಮಾರು ಎರಡರಷ್ಟು ದಪ್ಪ ಇತ್ತು. ಅಂದರೆ ಯಾವ ಗಾಡಿಯೂ ಇಲ್ಲದಾಗಲೇ ಸೇತುವೆ ಲೆಕ್ಕಕ್ಕಿಂತ ಜಾಸ್ತಿ ಹೊತ್ತುಕೊಂಡಿತ್ತು. ಹೀಗೆ ದಪ್ಪ ಏರುವುದು ಯಾವ ಊರಿನಲ್ಲಾದರೂ ಸುಲಭ. ಗುಂಡಿ ಬಿತ್ತು, ಡಾಂಬರು ಹಾಕಿ. ಜನ ದೂರು ಕೊಟ್ಟರು, ಇನ್ನೊಂದು ಪದರ ಹಾಕಿ. ಹಳೆಯದನ್ನು ಕೆರೆದು ತೆಗೆಯುವುದಕ್ಕೆ ಖರ್ಚು, ಮೇಲೆ ಹಾಕುವುದು ಅಗ್ಗ. ಫೋಟೋ ಚೆನ್ನಾಗಿ ಬರುತ್ತದೆ, ಗಾಡಿ ನುಣ್ಣಗೆ ಹೋಗುತ್ತದೆ, 'ಸೇತುವೆ ದುರಸ್ತಿ' ಅಂತ ಖರ್ಚು ಬೀಳುತ್ತದೆ. ಮೇಲೆ ಥಳಕು ಒಳಗೆ ಹುಳುಕು ಅನ್ನುತ್ತಾರಲ್ಲ, ಇಲ್ಲಿ ಆ ಥಳಕೇ ಹುಳುಕಿನ ತಲೆ ಮೇಲೆ ಕೂತ ಭಾರ.

ಬಿದ್ದ ಮೇಲೆ? ಅದೇ ಜಾಗದಲ್ಲಿ 2022ರ ಡಿಸೆಂಬರ್‌ನಲ್ಲಿ ಹೊಸ ಸೇತುವೆ ತೆರೆಯಿತು. ಒಂದು ವರ್ಷವೂ ಹಿಡಿಯಲಿಲ್ಲ.

ಸಣ್ಣ ಊರಿನ ಸಮಸ್ಯೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಪಿಟ್ಸ್‌ಬರ್ಗ್‌ಗೆ ಕನಿಷ್ಠ ವರದಿ ಬರುತ್ತಿತ್ತು. ಅಮೆರಿಕದಲ್ಲಿ ಸೇತುವೆ ತಪಾಸಣೆ ಕಡ್ಡಾಯ ಆದದ್ದಕ್ಕೂ ಒಂದು ಕಥೆ ಇದೆ. 1967ರ ಡಿಸೆಂಬರ್ 15ರಂದು ಪಾಯಿಂಟ್ ಪ್ಲೆಸೆಂಟ್ ಅನ್ನುವ ಸಣ್ಣ ಊರಿನಲ್ಲಿ ಸಿಲ್ವರ್ ಬ್ರಿಡ್ಜ್ ಕುಸಿದು 46 ಜನ ಸತ್ತರು. ಮುಂದಿನ ವರ್ಷ ಕಾಯ್ದೆ, 1971ಕ್ಕೆ ದೇಶಕ್ಕೆಲ್ಲ ಒಂದೇ ತಪಾಸಣೆ ನಿಯಮ, ಸಾಮಾನ್ಯವಾಗಿ 24 ತಿಂಗಳಿಗೊಮ್ಮೆ. ಆದರೆ ಆ ನಿಯಮ 20 ಅಡಿಗಿಂತ ಉದ್ದದ ಸೇತುವೆಗೆ ಮಾತ್ರ. ಭಾರತದ ರಸ್ತೆ ಸಂಹಿತೆಯಲ್ಲೂ ಹೆಚ್ಚುಕಮ್ಮಿ ಅದೇ ಗೆರೆ, 6 ಮೀಟರ್ ತನಕ ಅದು ಮೋರಿ, ಅದರ ಮೇಲೆ ಸೇತುವೆ. ಈಗ ಯೋಚಿಸಿ. ಸಣ್ಣ ಊರಿನಲ್ಲಿ ಇರುವುದೆಲ್ಲ ಬಹುತೇಕ ಯಾವ ಅಳತೆಯದು? ಹಳ್ಳ ದಾಟುವ ಐದು ಮೀಟರ್ ಚಪ್ಪಡಿ, ತೋಡಿನ ಮೇಲಿನ ನಾಲ್ಕು ಮೀಟರ್ ಪೆಟ್ಟಿಗೆ ಮೋರಿ. ಕೇಂದ್ರದ ಪಟ್ಟಿಯಲ್ಲಿ ಅವು ಇಲ್ಲವೇ ಇಲ್ಲ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ವರದಿ ಇಲ್ಲ, ವರದಿ ಇಲ್ಲದ್ದಕ್ಕೆ ಬಜೆಟ್‌ನಲ್ಲಿ ಸಾಲಿಲ್ಲ. ಆದರೆ ಇಂಜಿನ್ ದಾಟುವುದು ಅದನ್ನೇ. ಆಕ್ಸಲ್ ಭಾರ ಜಾಸ್ತಿ ಹೊಡೆಯುವುದೂ ಅದಕ್ಕೇ.

ನೀರಿನ ಕೆಳಗಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಅಮೆರಿಕದಲ್ಲಿ ಸೇತುವೆಗಳು ಬೀಳುವುದಕ್ಕೆ ಮುಖ್ಯ ಕಾರಣ ಲಾರಿ ಅಲ್ಲ, ನೀರು. ಪ್ರವಾಹ ಬಂದಾಗ ಕಂಬದ ಬುಡದ ಮಣ್ಣು ಕೊರೆದು ಹೋಗುತ್ತದೆ. 1987ರ ಏಪ್ರಿಲ್ 5ರಂದು ನ್ಯೂಯಾರ್ಕ್ ರಾಜ್ಯದ ಸ್ಕೊಹ್ಯಾರಿ ಹೊಳೆಯ ಸೇತುವೆ ಹೀಗೇ ಬಿದ್ದು 10 ಜನ ಸತ್ತರು. ಬುಡದ ಸುತ್ತ ಹಾಕಿದ್ದ ಕಲ್ಲು ಕೊಚ್ಚಿ ಹೋಗಿತ್ತು. ಮೇಲಿಂದ ನೋಡಿದರೆ ಏನೂ ಕಾಣುವುದಿಲ್ಲ. ಹಾಗಾಗಿ ದುರಸ್ತಿ ಬಜೆಟ್‌ನಲ್ಲಿ ಡಾಂಬರಿಗೆ ಎಷ್ಟು, ಬುಡಕ್ಕೆ ಎಷ್ಟು ಅಂತ ಕೇಳಿ. ಬುಡಕ್ಕೆ ಸೊನ್ನೆ ಇದ್ದರೆ ಆ ಬಜೆಟ್ ಬರೆದವರು ಹೊಳೆಗೆ ಇಳಿದಿಲ್ಲ ಅಂತ ಅರ್ಥ.

ಅನುದಾನದ ಬಗ್ಗೆ ಎರಡು ಮಾತು. ಅಮೆರಿಕದಲ್ಲಿ ಅಗ್ನಿಶಾಮಕದವರಿಗೆ ಅಂತಲೇ 2001ರಿಂದ ಕೇಂದ್ರದ ಅನುದಾನ ಇದೆ. 20,000 ತನಕ ಜನ ಇರುವ ಊರು ತನ್ನ ಪಾಲು ಅಂತ 5% ಹಾಕಿದರೆ ಸಾಕು. 2021ರ ಮೂಲಸೌಕರ್ಯ ಕಾಯ್ದೆಯಲ್ಲಿ, ಕೇಂದ್ರದ ಹೆದ್ದಾರಿ ಜಾಲದಲ್ಲಿ ಇಲ್ಲದ ಊರ ಸೇತುವೆಗಳಿಗೆ ಪೂರ್ತಿ ಖರ್ಚನ್ನೇ ಕೊಡುವ ದಾರಿಯೂ ಆಯಿತು. ಒಳ್ಳೆಯದೇ, ಬೇಡ ಅನ್ನಲ್ಲ. ಆದರೆ ಅನುದಾನಕ್ಕೆ ಒಂದು ಚಾಳಿ ಇದೆ. ಅದು ಹೊಸದಕ್ಕೆ ಬರುತ್ತದೆ, ಚರಂಡಿ ಗುಡಿಸುವುದಕ್ಕೆ ಬರುವುದು ಅಪರೂಪ. ಅರ್ಜಿ ಚೆನ್ನಾಗಿ ಬರೆಯುವ ಒಬ್ಬರು ಇರುವ ಊರಿಗೆ ಬರುತ್ತದೆ, ಇಲ್ಲದ ಊರಿಗೆ ಬರುವುದಿಲ್ಲ. ಮತ್ತೆ, 95% ಯಾರೋ ಕೊಡುತ್ತಾರೆ ಅಂದಾಗ ನಮಗೆ ಬೇಕಾದ್ದಕ್ಕಿಂತ ಒಂದು ಸೈಜ್ ದೊಡ್ಡ ಗಾಡಿ ಕೊಳ್ಳುವ ಆಸೆ ಬರುತ್ತದೆ. ಬಿಟ್ಟಿ ಸಿಕ್ಕ ದೊಡ್ಡ ಗಾಡಿ ಸ್ಟೇಷನ್ ಬಾಗಿಲಲ್ಲಿ ಹಿಡಿಸದಿದ್ದರೆ ಬಾಗಿಲು ಎತ್ತರಿಸುವುದಕ್ಕೆ ಯಾರೂ ಅನುದಾನ ಕೊಡಲ್ಲ. ಸೇತುವೆ ತಡೆಯದಿದ್ದರಂತೂ ಕೇಳಲೇಬೇಡಿ.

ಇಲ್ಲಿಗೆ ನನ್ನ ಮುಖ್ಯ ಮಾತಿಗೆ ಬಂದೆ. ಆ ಎರಡು ಸಾಲನ್ನು ಒಂದೇ ದಿನ, ಒಂದೇ ಮೇಜಿನ ಮೇಲೆ ಇಡಿ. ಇಂಜಿನ್ನಿನ ಟೆಂಡರ್ ವಿವರ ಬರೆಯುವ ಮೊದಲು ಯಾವ ಸೇತುವೆ ಎಷ್ಟು ಭಾರ ತಡೆಯುತ್ತದೆ ಅನ್ನುವ ಪಟ್ಟಿ ಕೇಳಿ. ಈಗಿರುವ ಇಂಜಿನ್ನನ್ನು ನೀರು ತುಂಬಿಸಿ, ಜನ ಹತ್ತಿಸಿ, ವೇಬ್ರಿಡ್ಜ್ ಮೇಲೆ ನಿಲ್ಲಿಸಿ. ಮೊದಲು ಮುಂದಿನ ಚಕ್ರ ಮಾತ್ರ, ಆಮೇಲೆ ಹಿಂದಿನದು ಮಾತ್ರ, ಎರಡೂ ಚೀಟಿ ಇಟ್ಟುಕೊಳ್ಳಿ. ಕಂಪನಿ ಪುಸ್ತಕದ ತೂಕ ನಂಬಬೇಡಿ, ಕೊಂಡ ಮೇಲೆ ನೀವು ಏನೇನೋ ತುಂಬಿರುತ್ತೀರಿ. ಆಮೇಲೆ ಊರಿನ ನಕ್ಷೆ ಹಾಸಿ, ಇಂಜಿನ್ ದಾಟಬಾರದ ಪ್ರತಿ ಮೋರಿ, ಪ್ರತಿ ಸೇತುವೆಗೆ ಕೆಂಪು ಗುರುತು ಹಾಕಿ. ಆ ಗುರುತಿನ ಆಚೆ ಎಷ್ಟು ಮನೆ ಇವೆ, ಸುತ್ತಿ ಹೋದರೆ ಎಷ್ಟು ನಿಮಿಷ ಅಂತ ಬರೆಯಿರಿ. ಬಜೆಟ್ ಚರ್ಚೆ ಅಲ್ಲಿಂದ ಶುರುವಾದರೆ ಅದರ ಬಣ್ಣವೇ ಬೇರೆ.

ಕೆಲವು ಸಲ ಉತ್ತರ ಇಂಜಿನ್ನೂ ಅಲ್ಲ, ಸೇತುವೆಯೂ ಅಲ್ಲ ಅಂತ ಗೊತ್ತಾಗುತ್ತದೆ. ಹೊಳೆ ಆಚೆ ಕೆರೆಯೋ ಕುಂಟೆಯೋ ಇದ್ದರೆ ಅದಕ್ಕೊಂದು ಒಣ ಹೈಡ್ರಂಟ್ ಹಾಕಬಹುದು. ದೊಡ್ಡ ಹೆಸರು, ವಸ್ತು ಸರಳ. ಒಂದು ತುದಿ ನೀರಿನ ಒಳಗೆ, ಇನ್ನೊಂದು ತುದಿ ರಸ್ತೆ ಪಕ್ಕಕ್ಕೆ ಬರುವ ದಪ್ಪ ಪೈಪು. ಅದರಲ್ಲಿ ಒತ್ತಡ ಇರುವುದಿಲ್ಲ, ಇಂಜಿನ್ ಬಂದು ಪಂಪಿನಿಂದ ಎಳೆದುಕೊಳ್ಳಬೇಕು. ನೀರು ಅಲ್ಲೇ ಸಿಗುವುದಾದರೆ ಹತ್ತು ಟನ್ ಹೊತ್ತುಕೊಂಡು ಸೇತುವೆ ದಾಟುವ ಅಗತ್ಯ ಏನಿದೆ? ಸಣ್ಣ ಗಾಡಿ ಸಾಕು. ಸಣ್ಣ ಗಾಡಿ ಆದರೆ ಸೇತುವೆಯೂ ಕೆಲವು ವರ್ಷ ತಡೆದೀತು, ಅಷ್ಟರಲ್ಲಿ ಅದರ ಬುಡದ ಕೆಲಸಕ್ಕೆ ದುಡ್ಡು ಹೊಂದಿಸಬಹುದು. ಎರಡು ಕಡತ ಬೇರೆ ಬೇರೆ ದಿನ ಬಂದರೆ ಈ ಯೋಚನೆ ಯಾರಿಗೂ ಹೊಳೆಯುವುದಿಲ್ಲ.

ಪ್ರಶ್ನೆಗಳು ಬಹಳ ಬಂದವು, ಮೂರನ್ನು ಬರೆಯುತ್ತೇನೆ.

ಒಬ್ಬರು ಕೇಳಿದರು, "ಸಾಲ ಮಾಡಿ ಕೊಂಡರೆ ತಪ್ಪಾ?" ತಪ್ಪಲ್ಲ. ಸೇತುವೆಗೆ ಸಾಲ ಮಾಡುವುದು ನ್ಯಾಯವೂ ಹೌದು, ಮುಂದಿನ ಐವತ್ತು ವರ್ಷ ಅದರ ಮೇಲೆ ಓಡಾಡುವವರೂ ಸ್ವಲ್ಪ ಕಟ್ಟಲಿ. ಒಂದೇ ನಿಯಮ ಇಟ್ಟುಕೊಳ್ಳಿ. ವಸ್ತು ಗುಜರಿಗೆ ಹೋಗುವ ಮೊದಲು ಸಾಲ ತೀರಿರಬೇಕು. ಹತ್ತು ವರ್ಷ ಬರುವ ಕೋಟು, ಪ್ಯಾಂಟಿಗೆ ಹದಿನೈದು ವರ್ಷದ ಸಾಲ ಮಾಡಿದರೆ ಕೊನೆಯ ಐದು ವರ್ಷ ಇಲ್ಲದ ಕೋಟು, ಪ್ಯಾಂಟಿಗೆ ಕಂತು ಕಟ್ಟುತ್ತೀರಿ.

ಇನ್ನೊಬ್ಬರು, "ದುಡ್ಡು ಒಂದಕ್ಕೇ ಇದೆ. ಇಂಜಿನ್ನಾ, ಸೇತುವೆಯಾ?" ಕೂತಲ್ಲೇ ಹೇಳುವುದಕ್ಕೆ ಆಗಲ್ಲ, ಆ ಕೆಂಪು ಗುರುತಿನ ನಕ್ಷೆ ಬೇಕು. ಸುತ್ತು ದಾರಿ ಮೂರು ನಿಮಿಷ ಜಾಸ್ತಿ ಅಷ್ಟೇ ಅಂದರೆ ಸೇತುವೆಗೆ ಮಿತಿಯ ಬೋರ್ಡು ಹಾಕಿ, ಚರಂಡಿ ಬಿಡಿಸಿ, ಇಂಜಿನ್ ಕೊಳ್ಳಿ. ಆಚೆಗೆ ಹೋಗುವುದಕ್ಕೆ ಅದೊಂದೇ ದಾರಿ ಅಂದರೆ ಸೇತುವೆ ಮೊದಲು. ಹಳೇ ಇಂಜಿನ್ ತಡವಾಗಿಯಾದರೂ ಹೋಗಿ ಮುಟ್ಟುತ್ತದೆ. ಹೊಸದು ಈಚೆ ದಡದಲ್ಲಿ ನಿಂತು ದೀಪ ಮಿಣುಕಿಸುತ್ತದೆ.

ಮೂರನೆಯದು ಕೊಂಚ ಸಿಟ್ಟಿನಿಂದಲೇ ಬಂತು. "ಬೋರ್ಡು ಹಾಕಿದರೆ ಜನ ಹೆದರುತ್ತಾರೆ, ನಾವು ಕೆಲಸ ಮಾಡಿಲ್ಲ ಅಂತ ಹೇಳಿಕೊಂಡ ಹಾಗೆ ಆಗುತ್ತದೆ." ಆಗಲಿ ಬಿಡಿ. ಬೋರ್ಡು ಇಲ್ಲದಿದ್ದರೆ ಸೇತುವೆ ಗಟ್ಟಿ ಆಗುತ್ತದಾ? ಇನ್ನೂ ಒಂದು ಹೇಳುತ್ತೇನೆ, ಬರೀ ರಸ್ತೆ ಪಕ್ಕದ ಬೋರ್ಡು ಸಾಲದು. ರಾತ್ರಿ ಮಳೆಯಲ್ಲಿ ಜೋರಾಗಿ ಹೋಗುವ ಡ್ರೈವರ್ ಅದನ್ನು ಓದುವಷ್ಟರಲ್ಲಿ ಸೇತುವೆ ಮೇಲೆ ಇರುತ್ತಾನೆ. ಸ್ಟೇಷನ್ನಿನಿಂದ ಹೊರಡುವ ಮೊದಲೇ ಅವನಿಗೆ ಗೊತ್ತಿರಬೇಕು. ದಾಟಬಾರದ ಸೇತುವೆಗಳ ಪಟ್ಟಿ, ಪಕ್ಕದಲ್ಲಿ ಸುತ್ತು ದಾರಿ, ದಪ್ಪ ಅಕ್ಷರದಲ್ಲಿ ಒಂದು ಹಾಳೆ ಬರೆದು ಸ್ಟಿಯರಿಂಗ್ ಎದುರಿಗೆ ಅಂಟಿಸಿ. ಪಕ್ಕದ ಊರಿನಿಂದ ಸಹಾಯಕ್ಕೆ ಬರುವ ಗಾಡಿಗಳಿಗೂ ಒಂದೊಂದು ಪ್ರತಿ ಕೊಡಿ, ಅವರಿಗೆ ನಿಮ್ಮ ಮೋರಿಗಳ ಪರಿಚಯ ಇರುವುದಿಲ್ಲ. ಪ್ರತಿ ಮಳೆಗಾಲ ಕಳೆದ ಮೇಲೆ ಹಳೆಯ ಹಾಳೆ ಕಿತ್ತು ಹೊಸದು ಅಂಟಿಸಿ, ಅಷ್ಟರಲ್ಲಿ ಪಟ್ಟಿಗೆ ಇನ್ನೊಂದೆರಡು ಹೆಸರು ಸೇರಿರುತ್ತವೆ.